ನಾನೊಬ್ಬನೇ ಕಟ್ಟಿದ ಇಂಜಿನ್

ನನ್ನ ಮೊದಲ ಇಂಜಿನ್ ಓಡಲಿಲ್ಲ. ಮೂರು ವರ್ಷ ರಜೆಯ ದಿನಗಳನ್ನೆಲ್ಲ ಅದಕ್ಕೇ ಸುರಿದು ಕಟ್ಟಿದ್ದೆ. ಒಂದು ರವಿವಾರ ಬೆಳಿಗ್ಗೆ ಇಚಲಕರಂಜಿಯ ನಮ್ಮ ಮನೆಯ ಹಿತ್ತಲಲ್ಲಿ ಅದನ್ನು ಇಟ್ಟಿಗೆಗಳ ಮೇಲಿಟ್ಟು, ನೀರು ತುಂಬಿ, ಕಲ್ಲಿದ್ದಲು ಹಾಕಿ ಬೆಂಕಿ ಹಚ್ಚಿದೆ. ಹೊಗೆ ಬಂತು, ಕಣ್ಣು ಬಿಡಲಾಗದಷ್ಟು ಬಂತು. ಉಗಿ ಬರಲಿಲ್ಲ. ಎರಡು ತಾಸು ಊದುಗೊಳವೆ ಹಿಡಿದು ಊದಿ ಊದಿ, ಕಡೆಗೆ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾವನ್ನು ಗೋಡೆಗೆ ಎಸೆದೆ.

ಹೆಂಡತಿ ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಸದ್ದಿಗೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಬಂದು ಇಂಜಿನ್ನಿನ ಅಡಿಗೆ ಬಗ್ಗಿ ನೋಡಿದಳು.

"ಇದರ ಬುಡಕ ಗಾಳಿ ಎಲ್ಲಿಂದ ಬರ್ತೈತ್ರಿ?"

"ಬೂದಿ ಬೀಳಾಕ ಬುಡಕ ತಟ್ಟಿ ಐತಲ್ಲ," ಎಂದೆ.

"ಆ ತಟ್ಟಿ ಸುತ್ತಾಕಡಿ ಮುಚ್ಚೈತಿ. ಉರಿಗೆ ಉಸುರು ಬ್ಯಾಡೇನ್ರಿ? ನಮ್ಮ ಗಾಣದ ಒಲಿ ಬುಡ ಹಿಂಗ ಮುಚ್ಚಿದ್ರ ನಮ್ಮಪ್ಪ ಮೈಮ್ಯಾಲ ಬರ್ತಿದ್ದ."

ಅವಳು ಕೊಲ್ಹಾಪುರದ ಹತ್ತಿರದ ಬಿದ್ರಿ ಕಡೆಯವಳು. ಅವಳಪ್ಪ ಬೆಲ್ಲ ಕುದಿಸುವುದರಲ್ಲಿ ಹೆಸರಾದವರು. ಹತ್ತು ವರ್ಷದವಳಿದ್ದಾಗಿನಿಂದ ಅವಳು ಆ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುತ್ತ ಬೆಳೆದಿದ್ದಳು. ಕೊಪ್ಪರಿಗೆಯಲ್ಲಿ ರಸ ಯಾವ ಹದದಲ್ಲಿದೆ ಎಂದು ನೋಡಿ ಉರಿ ಏರಿಸುವುದು, ಇಳಿಸುವುದು ಅವಳ ಕೆಲಸವಾಗಿತ್ತು. ನಾನು ಮಗ್ಗದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇಥ್ ನಡೆಸುವವನು. ಉಕ್ಕನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಕಡೆಯಬಲ್ಲೆ. ಬೆಂಕಿ ಎಂಬುದು ನನಗೆ ಬೆಂಕಿಕಡ್ಡಿಯ ಆಚೆಗೆ ಗೊತ್ತಿರಲಿಲ್ಲ.

ಆವತ್ತೇ ಕರಗಸ ಹಿಡಿದು ಆ ತಟ್ಟೆಯ ಮುಂದೆ ಹಿಂದೆ ಕಿಂಡಿ ಕೊಯ್ದೆ. ಮುಂದಿನ ರವಿವಾರ ಮುಕ್ಕಾಲು ತಾಸಿನಲ್ಲಿ ಉಗಿ ಏರಿತು. ಇಟ್ಟಿಗೆಗಳ ಮೇಲೆ ನಿಂತಲ್ಲೇ ಗಾಲಿಗಳು ತಿರುಗಿದವು. ನಾನು ಕುಣಿದಾಡಿದೆ. ಅವಳು, "ಇನ್ನ ಹಾಲು ತರ್ರಿ, ಚಾ ಮಾಡ್ತೀನಿ," ಎಂದಳು.

ಇದನ್ನು ಜನ ಆಟಿಕೆ ಎಂದುಕೊಳ್ಳುತ್ತಾರೆ. ಕೀಲಿ ಕೊಟ್ಟರೆ ಓಡುವಂಥದ್ದಲ್ಲ ಇದು, ಕರೆಂಟಿನದೂ ಅಲ್ಲ. ನಿಜವಾದ ರೈಲು ಇಂಜಿನ್ನಿನಲ್ಲಿ ಇರುವಂತೆಯೇ ಒಳಗೆ ಕಲ್ಲಿದ್ದಲಿನ ಬೆಂಕಿ, ಬೆಂಕಿಯ ಮೇಲೂ ಸುತ್ತಲೂ ನೀರು, ಆ ನೀರಿನ ಉಗಿಯಿಂದ ತಿರುಗುವ ಗಾಲಿ. ಗಾತ್ರ ಮಾತ್ರ ಸಣ್ಣದು. ನಾನು ಹುಟ್ಟಿದ ಗಡಹಿಂಗ್ಲಜದಲ್ಲಿ ರೈಲೇ ಇಲ್ಲ. ಅಪ್ಪನದು ಪೇಟೆಯಲ್ಲಿ ಬೆಲ್ಲ, ಮೆಣಸಿನಕಾಯಿಯ ಅಡತಿ ವ್ಯಾಪಾರ. ರಜೆಗೆ ಜಯಸಿಂಗಪುರದ ಅತ್ತೆಯ ಮನೆಗೆ ಹೋದಾಗ ಸ್ಟೇಶನ್ನಿನ ಕಟಕಟೆ ಹಿಡಿದು ನಿಂತು ನೋಡಿದ ಕರಿ ಇಂಜಿನ್ನು ತಲೆಯಲ್ಲಿ ಕೂತುಬಿಟ್ಟಿತು. ಅಣ್ಣಂದಿರು ಅಡತಿಗೆ ಕೂತರು, ನಾನು ಐಟಿಐ ಸೇರಿ ಲೇಥ್ ಕಲಿತೆ. ಅಪ್ಪ ಅದನ್ನು ಕೈಲಾಗದವನ ಕೆಲಸ ಎಂದೇ ತಿಳಿದರು. ಮುಂದೆ ಕೊಲ್ಹಾಪುರದ ಒಂದು ರದ್ದಿ ಅಂಗಡಿಯಲ್ಲಿ ಸಣ್ಣ ಇಂಜಿನ್ ಕಟ್ಟುವ ಹಳೆಯ ಇಂಗ್ಲಿಷ್ ಮಾಸಪತ್ರಿಕೆಗಳ ಕಟ್ಟು ಸಿಕ್ಕಿತು. ಇಂಗ್ಲಿಷು ಅರ್ಧಂಬರ್ಧ ಬರುತ್ತಿತ್ತು, ನಕ್ಷೆಗಳು ಪೂರ್ತಿ ಅರ್ಥವಾದವು.

ಇಟ್ಟಿಗೆಯ ಮೇಲಿನ ಆ ಸಣ್ಣ ಇಂಜಿನ್ನು ಓಡಿದ ಮೇಲೆ ದೊಡ್ಡದಕ್ಕೆ ಕೈ ಹಾಕಿದೆವು. ಹಾಕಿದೆವು ಎಂದು ಈಗ ಬರೆಯುತ್ತೇನೆ. ಆಗ ಹಾಗೆ ಹೇಳುತ್ತಿರಲಿಲ್ಲ.

ಅದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಮೊಣಕಾಲೆತ್ತರದ ಇಂಜಿನ್, ಐದು ಇಂಚು ಅಗಲದ ಹಳಿ. ಹಿಂದೆ ಗಾಲಿ ಹಚ್ಚಿದ ಮಣೆ ಕಟ್ಟಿದರೆ ನಾಲ್ಕು ಜನರನ್ನು ಕೂರಿಸಿಕೊಂಡು ಎಳೆಯಬೇಕು. ಗಾಲಿಗಳ ಅಚ್ಚನ್ನು ಸಾಗವಾನಿಯಲ್ಲಿ ನಾನೇ ಕೆತ್ತಿದೆ. ಕೊಲ್ಹಾಪುರದ ಒಂದು ಫೌಂಡ್ರಿಯ ಮಾಲೀಕರು ನನ್ನ ಹುಚ್ಚನ್ನು ಮೆಚ್ಚಿ ಎರಕ ಹೊಯ್ಯಿಸಿಕೊಟ್ಟರು. ಬಾಯ್ಲರು ತಾಮ್ರದ್ದು. ಕೊಲ್ಹಾಪುರದಲ್ಲೇ ಹಂಡೆ, ಕೊಡ ಬಡಿಯುತ್ತಿದ್ದ ಒಬ್ಬ ಮುದುಕರು ಅದನ್ನು ಮಡಚಿ ಬೆಸೆದುಕೊಟ್ಟರು. ಉಳಿದದ್ದೆಲ್ಲ ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಆದದ್ದು. ಸುತ್ತಮುತ್ತ ಮಗ್ಗಗಳ ಖಟಪಟ, ಅದರ ನಡುವೆ ನಾವಿಬ್ಬರು.

ಅವಳು ಶೆಡ್ಡಿಗೆ ಬಂದದ್ದು ಚಹಾ ಕೊಡಲು. ಉಳಿದದ್ದು ಕೆಲಸಕ್ಕೆ. ನಾನು ಅಂಗಡಿಯಿಂದ ತಂದ ಕಲ್ಲಿದ್ದಲನ್ನು ಅವಳು ಮೂರು ಬಗೆಯಲ್ಲಿ ಒಡೆದು ನೋಡಿದಳು. ಬಹಳ ಪುಡಿಯಾದರೆ ಗಾಳಿ ಕಟ್ಟುತ್ತದೆ, ದಪ್ಪವಾದರೆ ಹೊತ್ತುವಷ್ಟರಲ್ಲಿ ಉಗಿ ಇಳಿಯುತ್ತದೆ. ಅಡಿಕೆಯ ಗಾತ್ರಕ್ಕೆ ಬಂದು ನಿಂತಳು. ಶುರುವಿಗೆ ಜಾಲಿಯ ಇದ್ದಿಲು ಹಾಸಿ ಅದರ ಮೇಲೆ ಕಲ್ಲಿದ್ದಲು ಇಡಬೇಕು ಎಂದು ಕಂಡುಕೊಂಡವಳೂ ಅವಳೇ. ಹಳೆಯ ಮಗ್ಗದ ಒಂದು ಸಲಾಕೆಯ ತುದಿ ಬಗ್ಗಿಸಿ ಬೆಂಕಿ ಕೆದಕುವ ಕೋಲು ಮಾಡಿಕೊಂಡು, ಕೈ ಸುಡದಂತೆ ಹಿಡಿಕೆಗೆ ಹಳೆ ಸೀರೆಯ ಅಂಚು ಸುತ್ತಿದ್ದಳು. ಬಾಯ್ಲರಿನ ನೀರು ತೋರಿಸುವ ಗಾಜಿನ ಕೊಳವೆ ಬೆರಳಿನಷ್ಟು ಉದ್ದವಿರುತ್ತದೆ. ಉಗಿ ಏರಿದ ಮೇಲೆ ಅವಳ ಕಣ್ಣು ಅದರ ಮೇಲಿಂದ ಕದಲುತ್ತಿರಲಿಲ್ಲ. ಮಟ್ಟ ಇಳಿದ ಕೂಡಲೇ "ನೀರು" ಎನ್ನುತ್ತಿದ್ದಳು, ನಾನು ಪಂಪು ಒತ್ತುತ್ತಿದ್ದೆ. ಅಷ್ಟೇ ಮಾತು. ಒಂದು ಬೆಳಿಗ್ಗೆಯೆಲ್ಲ ಅದೊಂದೇ ಶಬ್ದದ ಮೇಲೆ ಕಳೆದದ್ದಿದೆ, ನಮ್ಮ ಸಂಸಾರದಲ್ಲಿ ಅದಕ್ಕಿಂತ ಒಳ್ಳೆಯ ಮಾತುಕತೆ ನಡೆದ ನೆನಪು ನನಗಿಲ್ಲ.

ಹಿತ್ತಲಲ್ಲಿ ಎಂಟು ಮಾರು ಹಳಿ ಹಾಕಿ, ದೊಡ್ಡ ಇಂಜಿನ್ನನ್ನು ಓಡಿಸಿದ ದಿನ ಮೊದಲು ಕೂತವಳು ಅವಳು. ನಾನು ಪಕ್ಕದಲ್ಲಿ ನಡೆಯುತ್ತ ಉಗಿ ಎಲ್ಲಿ ಸೋರುತ್ತದೆ ಎಂದು ಕೇಳಿಸಿಕೊಳ್ಳಬೇಕಿತ್ತು. ಅವಳು ಸೀರೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತು ಉಗಿ ಬಿಡುವ ಹಿಡಿಕೆ ಎಳೆದಳು. ಇಂಜಿನ್ನು ಹೊರಟಿತು. ಅವಳು ಗಟ್ಟಿಯಾಗಿ ನಕ್ಕಳು. ಅಷ್ಟು ಗಟ್ಟಿಯಾಗಿ ನಗಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಮಗ್ಗದ ಶೆಡ್ಡಿನವರು ಗೋಡೆಯ ಮೇಲಿಂದ ಇಣುಕಿದರು. ಒಬ್ಬ, "ವಹಿನಿ ಡ್ರಾಯವ್ಹರ್ ಝಾಲ್ಯಾ!" ಎಂದು ಕೂಗಿದ. ಅತ್ತಿಗೆ ಡ್ರೈವರ್ ಆದಳಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನನ್ನೊಳಗೆ ಅದು ಸಿಬಿರಿನಂತೆ ಚುಚ್ಚಿ ಉಳಿಯಿತು. ಆ ವಾರವೇ ಗಡಹಿಂಗ್ಲಜದಿಂದ ದೊಡ್ಡಣ್ಣ ಬಂದಿದ್ದವನು ಸುದ್ದಿ ಕೇಳಿ, "ಹೇಣ್ತಿ ಕೈಯಾಗ ಗಾಡಿ ಕೊಟ್ಟು ಹಿಂದ ಓಡ್ಯಾಡ್ತಿಯೇನೋ?" ಎಂದ. ಮರುವಾರದಿಂದ ಮಣೆಯ ಮೇಲೆ ನಾನು ಕೂತೆ. ಅವಳು ಪಕ್ಕದಲ್ಲಿ ನಡೆಯುತ್ತ ಗಾಜು ನೋಡಿದಳು. "ಮುಗೀತೇನ್ರಿ ನನ್ನ ಡ್ರಾಯವರಕಿ?" ಎಂದು ಒಮ್ಮೆ ನಗುತ್ತಲೇ ಕೇಳಿದಳು. ನಾನು ಹಿಡಿಕೆ ಎಳೆದೆ.

ಗಡಹಿಂಗ್ಲಜದಲ್ಲಿ ನಾನು ಕಲಿತ ಶಾಲೆಯವರಿಗೆ ಸುದ್ದಿ ಮುಟ್ಟಿ, ವಿಜ್ಞಾನ ಪ್ರದರ್ಶನಕ್ಕೆ ಇಂಜಿನ್ ತರಬೇಕೆಂದು ಕರೆದರು. ಟೆಂಪೋದಲ್ಲಿ ಇಂಜಿನ್, ಹಳಿಯ ತುಂಡುಗಳು, ಅವಳು ಒಡೆದು ಚೀಲದಲ್ಲಿ ತುಂಬಿದ ಕಲ್ಲಿದ್ದಲು, ನಾವಿಬ್ಬರು. ಮೈದಾನದ ತುಂಬ ಜನ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಅಪ್ಪ, ಅಣ್ಣಂದಿರು, ಅಡತಿಯ ನಾಲ್ಕು ಮಂದಿ. ಮುಖ್ಯಾಧ್ಯಾಪಕರು ನಡೆದುಬಂದು ಕೈಮುಗಿದು, ನಿಮ್ಮ ಮನೆಯವರು ಆರತಿ ಮಾಡಿ ಕಾಯಿ ಒಡೆಯಲಿ, ಆಮೇಲೆ ಈ ಕಡೆ ಹೆಂಗಸರ ಜೊತೆ ಕೂರಲಿ ಎಂದು ಮರಾಠಿಯಲ್ಲಿ ಹೇಳಿದರು. ಅವಳು ನನ್ನ ಮುಖ ನೋಡಿದಳು. ಇಲ್ಲ, ಅವಳು ನನ್ನ ಜೊತೆಗಿರಬೇಕು ಎಂದು ಹೇಳಲು ನನಗೆ ಎರಡು ಮಾತು ಸಾಕಿತ್ತು. ನಾನು ಬಗ್ಗಿ ಎಣ್ಣೆ ಬಿಡುವುದರಲ್ಲಿ ಮಗ್ನನಾದೆ. ಅವಳು ಕಾಯಿ ಒಡೆದು ಹೋಗಿ ಕೂತಳು.

ಎರಡು ಸುತ್ತು ಚೆನ್ನಾಗಿಯೇ ಆಯಿತು. ಮೂರನೆಯದಕ್ಕೆ ಉಗಿ ಇಳಿಯತೊಡಗಿತು. ನಾನು ಗಾಬರಿಯಲ್ಲಿ ಕಲ್ಲಿದ್ದಲು ತುರುಕಿದೆ, ಬೆಂಕಿ ಇನ್ನೂ ಕಪ್ಪಾಯಿತು. ಮಣೆಯ ಮೇಲೆ ನಾಲ್ಕು ಹುಡುಗಿಯರನ್ನು ಕೂರಿಸಿಕೊಂಡು ಇಂಜಿನ್ನು ಮೈದಾನದ ನಡುವೆ ನಿಂತುಬಿಟ್ಟಿತು. ಯಾರೋ ಸೀಟಿ ಹೊಡೆದರು. ಆಗ ಅವಳು ಹೆಂಗಸರ ನಡುವಿಂದ ಎದ್ದು, ಯಾರನ್ನೂ ನೋಡದೆ ನೆಟ್ಟಗೆ ಬಂದಳು. ಬೆಂಕಿಯ ಬಾಗಿಲು ತೆರೆದು ಕೋಲಿನಿಂದ ಎರಡು ಸಲ ಕೆಳಗಿಂದ ಎತ್ತಿ ಕೆದಕಿದಳು. "ಇನ್ನ ಹಾಕಬ್ಯಾಡ್ರಿ. ಸುಮ್ನ ನಿಂದರ್ರಿ," ಎಂದು ಮೆಲ್ಲಗೆ ಹೇಳಿದಳು. ಐದು ನಿಮಿಷಕ್ಕೆ ಉಗಿಯ ಒತ್ತಡ ತೋರಿಸುವ ಮುಳ್ಳು ಏರಿತು. ಅವಳು ಹಿಂದೆ ಸರಿದಳು. ನಾನು ಹಿಡಿಕೆ ಎಳೆದೆ. ಮೈದಾನ ಚಪ್ಪಾಳೆ ತಟ್ಟಿತು.

ಕಾರ್ಯಕ್ರಮ ಮುಗಿದ ಮೇಲೆ ಮರಾಠಿ ಪೇಪರಿನ ಒಬ್ಬ ವರದಿಗಾರ ವಹಿ ಹಿಡಿದು ಬಂದ. ಅಪ್ಪ, ಅಣ್ಣಂದಿರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅಪ್ಪನ ಕೈ ನನ್ನ ಹೆಗಲ ಮೇಲಿತ್ತು. ಅದು ಹಿಂದೆಂದೂ ಅಲ್ಲಿಗೆ ಬಂದಿರಲಿಲ್ಲ.

"ತುಮ್ಹಾಲಾ ಮದತ್ ಕೋಣಿ ಕೇಲಿ?" ಯಾರು ಸಹಾಯ ಮಾಡಿದರು ಎಂದು ಅವನು ಕೇಳಿದ.

"ಕೋಣಿ ನಾಹಿ," ಎಂದೆ. "ಮೀ ಏಕಟ್ಯಾನೇಚ್ ಕೇಲಂ."

ಯಾರೂ ಇಲ್ಲ, ನಾನೊಬ್ಬನೇ ಮಾಡಿದೆ. ಅವಳು ನಾಲ್ಕು ಹೆಜ್ಜೆ ದೂರದಲ್ಲಿ ಉಳಿದ ಕಲ್ಲಿದ್ದಲನ್ನು ಚೀಲಕ್ಕೆ ತುಂಬುತ್ತಿದ್ದಳು. ಅವಳ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ.

ಪೇಪರಿನಲ್ಲಿ ಬಂದದ್ದನ್ನು ಪಕ್ಕದ ಮನೆಯವರು ತಂದುಕೊಟ್ಟರು. ನನಗೆ ಕನ್ನಡಕ ಸಿಗಲಿಲ್ಲ. ಅವಳೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೊದಲಿನಿಂದ ಕಡೆಯವರೆಗೆ ಓದಿ ಹೇಳಿದಳು. ಒಂದು ಶಬ್ದವನ್ನೂ ಬಿಡಲಿಲ್ಲ. ಓದಿ, ಮಡಚಿ, ನನ್ನ ಕೈಗಿಟ್ಟಳು. ನಾನು ಅಪ್ಪನ ಮುಂದೆ ಹಾಗೆ ಬಾಯಿಗೆ ಬಂತು ಎಂದು ಏನೋ ಶುರುಮಾಡಿದೆ. "ಹೋಗ್ಲಿ ಬಿಡ್ರಿ," ಎಂದಳು. ಅದು ಕ್ಷಮೆ ಎಂದು ತಿಳಿದೆ. ಆ ರವಿವಾರ ಬೆಂಕಿ ಹಾಕಲು ಕರೆದರೆ, "ನನಗ ಕೆಲಸ ಐತ್ರಿ," ಎಂದಳು. ಮುಂದಿನ ವಾರವೂ ಕೆಲಸವಿತ್ತು. ಜಗಳವಿಲ್ಲ, ಮಾತು ಬಿಟ್ಟಿಲ್ಲ, ಹೊತ್ತುಹೊತ್ತಿಗೆ ಊಟ. ಶೆಡ್ಡಿಗೆ ಮಾತ್ರ ಕಾಲಿಡಲಿಲ್ಲ. ಹೆಂಗಸರ ಸಿಟ್ಟು, ತಾನಾಗಿ ಇಳಿಯುತ್ತದೆ ಎಂದುಕೊಂಡೆ. ಕೇಳಿ ತಿಳಿದುಕೊಳ್ಳುವಷ್ಟು ಬುದ್ಧಿ ನನಗಿರಲಿಲ್ಲ. ಇತ್ತು, ಆದರೆ ಕೇಳಿದರೆ ಅವಳು ಹೇಳಿಬಿಡುತ್ತಾಳೆಂಬ ಹೆದರಿಕೆಯಿತ್ತು.

ಅದೇ ಬೇಸಿಗೆಯಲ್ಲಿ ಫೌಂಡ್ರಿಯ ಮಾಲೀಕರು ತಮ್ಮ ಹೊಸ ಶೆಡ್ಡಿನ ಉದ್ಘಾಟನೆಗೆ ಇಂಜಿನ್ ಓಡಿಸಬೇಕೆಂದು ಕೇಳಿದರು. ನಾನು ಅವಳನ್ನು ಕರೆದೆ.

"ಒಬ್ಬರಽ ಮಾಡೀರಲ್ರಿ," ಎಂದಳು, "ಒಬ್ಬರಽ ಒಯ್ಯರಿ."

ಒಬ್ಬನೇ ಒಯ್ದೆ. ಅಲ್ಲಿ ಪೆಂಡಾಲು, ಹಾರ, ದೊಡ್ಡ ದೊಡ್ಡವರು. ಒಬ್ಬೊಬ್ಬರೇ ಮಣೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಎಲ್ಲರೂ ನನ್ನನ್ನು ಮಾತಾಡಿಸಿದರು, ಎಲ್ಲರಿಗೂ ನಾನು ನಿಂತು ಉತ್ತರ ಹೇಳಿದೆ, ಎಷ್ಟು ವರ್ಷ ಹಿಡಿಯಿತು, ಹೇಗೆ ಮಾಡಿದೆ ಎಂದು. ಎಷ್ಟು ಹೊತ್ತು ಹೇಳಿದೆನೋ. ಗಾಜಿನ ಕಡೆ ನೋಡಿದಾಗ ಅದರಲ್ಲಿ ನೀರಿರಲಿಲ್ಲ. ಆಗ ಮಾಡಬೇಕಾದದ್ದು ಬೆಂಕಿ ಕೆಡವಿ, ಇಂಜಿನ್ನನ್ನು ತಣ್ಣಗಾಗಲು ಬಿಟ್ಟು, ಜನರನ್ನು ದೂರ ಕಳಿಸುವುದು. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೆ. ಆದರೆ ಅಷ್ಟು ಜನರ ಮುಂದೆ ಬೆಂಕಿ ಕೆಡವುವುದೆಂದರೆ ನನಗೆ ಮೂಗು ಕೊಯ್ದಂತಾಯಿತು. ಪಂಪು ಹಿಡಿದು ಬರಬರನೆ ತಣ್ಣೀರು ಒತ್ತಿದೆ. ಕೆಂಪಗೆ ಕಾದಿದ್ದ ತಾಮ್ರಕ್ಕೆ ಅದು ಬಡಿಯಿತು. ಒಳಗೆ ಬೆಸುಗೆ ಬಿಟ್ಟುಕೊಂಡ ಸದ್ದು ಬಟ್ಟೆ ಹರಿದಂತಿತ್ತು. ಬೆಂಕಿಯ ಬಾಗಿಲಿನಿಂದ ಉಗಿಯೂ ಕೆಂಡವೂ ಒಟ್ಟಿಗೆ ಹೊರಬಂದವು. ಮಣೆಯ ಮೇಲೆ ಆಗ ಯಾರೂ ಕೂತಿರಲಿಲ್ಲ. ನನ್ನ ಎಡಗೈ ಮೊಣಕೈವರೆಗೆ ಬೆಂದಿತು.

ಒಂದು ತಿಂಗಳು ಅವಳು ನನಗೆ ತುತ್ತು ಮಾಡಿ ಉಣಿಸಿದಳು, ಪಟ್ಟಿ ಬದಲಾಯಿಸಿದಳು. ಒಂದು ದಿನವೂ "ನಾ ಇದ್ದಿದ್ರ" ಎನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೈ ವಾಸಿಯಾದ ಮೇಲೆ ಬಾಯ್ಲರು ಬಿಚ್ಚಿದೆ. ಬೆಂಕಿಗೂಡಿನ ಮೇಲ್ಛಾವಣಿ ಕುಸಿದು ಜೋಲುಬಿದ್ದಿತ್ತು. ಅದನ್ನು ಬೆಸೆದಿದ್ದ ಮುದುಕರು ತೀರಿಕೊಂಡು ವರ್ಷವಾಗಿತ್ತು, ಅವರ ಮಕ್ಕಳು ಸ್ಟೀಲಿನ ಡಬ್ಬಿ ಮಾರುತ್ತಿದ್ದರು. ಫೌಂಡ್ರಿಯ ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಹೇಗೂ ಇನ್ನು ಓಡುವುದಿಲ್ಲವಲ್ಲ, ನಮ್ಮ ಆಫೀಸಿನ ಹಜಾರದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡೋಣ, ನಿಮ್ಮ ಹೆಸರಿನ ಫಲಕ ಹಾಕೋಣ ಎಂದರು. ಚಹಾ ಒಳಗಿಂದ ಬರುವ ಮೊದಲೇ ನಾನು ಹೂಂ ಅಂದುಬಿಟ್ಟಿದ್ದೆ. ಅವರು ಹೋದ ಮೇಲೆ ಅವಳಿಗೆ ಹೇಳಿದೆ.

ಅವಳು ಕಪ್ಪು ಎತ್ತಿಕೊಳ್ಳುತ್ತಿದ್ದವಳು ನಿಂತಳು. "ನನ್ನ ಕೇಳಬೇಕಿತ್ತು," ಎಂದಳು. ಕಪ್ಪುಗಳನ್ನು ಎತ್ತಿಕೊಂಡು, "ಬೆಂಕಿ ಕೆದಕೋ ನನ್ನ ಕೋಲನ್ನರ ಇಟಗೊಳ್ರಿ," ಎಂದಳು.

ಟೆಂಪೋ ಬಂದ ದಿನ ನಾನು ಕೆಲಸಕ್ಕೆ ಹೋಗಿದ್ದೆ. ಫೌಂಡ್ರಿಯ ಆಳುಗಳು ಶೆಡ್ಡಿನಲ್ಲಿದ್ದ ಇಂಜಿನ್ನಿನ ಸಾಮಾನನ್ನೆಲ್ಲ ಹೇರಿಕೊಂಡು ಹೋಗಿದ್ದರು, ಕೋಲೂ ಅದರಲ್ಲಿತ್ತು. ಕೊಲ್ಹಾಪುರಕ್ಕೆ ಹೋದರೆ ಗಾಜಿನ ಪೆಟ್ಟಿಗೆ ಮುಚ್ಚಿಯಾಗಿತ್ತು. ಹೊಳೆಯುವ ಹಸಿರು ಬಣ್ಣ, ಮುಂದೆ ಮರಾಠಿಯಲ್ಲಿ ನನ್ನ ಹೆಸರು, ಒಬ್ಬನೇ ಕಷ್ಟಪಟ್ಟು ತಯಾರಿಸಿದ್ದು ಎಂಬ ಒಕ್ಕಣೆ. ಕೋಲಿಗೂ ಬಣ್ಣ ಹೊಡೆದು, ಸೀರೆಯ ಅಂಚು ಕಿತ್ತು, ಇಂಜಿನ್ನಿನ ಪಕ್ಕ ಒರಗಿಸಿ ಇಟ್ಟಿದ್ದರು. ಅದನ್ನು ತೆಗೆದುಕೊಡಿ ಎಂದು ಅಲ್ಲಿನ ಮ್ಯಾನೇಜರನಿಗೆ ಹೇಳಿದೆ. ಪೆಟ್ಟಿಗೆ ಮಾಡಿದವನನ್ನು ಕರೆಸಬೇಕು, ನೋಡೋಣ ಎಂದ. ಎರಡನೆಯ ಸಲ ಕೇಳಲು ಸಂಕೋಚವಾಯಿತು. ಒಂದು ಬಗ್ಗಿದ ಸಲಾಕೆಗಾಗಿ ಹಟ ಹಿಡಿದ ಎಂದುಕೊಂಡಾರು ಎನಿಸಿತು. ಮನೆಗೆ ಬಂದು ಸಿಗಲಿಲ್ಲ ಎಂದೆ. ಅವಳು ತಲೆಯಾಡಿಸಿದಳು.

ಇವೆಲ್ಲ ಆಗಿ ಬಹಳ ವರ್ಷವಾಯಿತು. ಅಪ್ಪ ಹೋದರು. ನಾನು ನಿವೃತ್ತನಾಗಿ ಮತ್ತೊಂದು ಇಂಜಿನ್ ಶುರುಮಾಡಿದೆ. ಚೌಕಟ್ಟು, ಗಾಲಿ ಆದವು. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಹತ್ತಿರ ಹೋಗಿ, ಆವತ್ತು ಹೇಳಿದ್ದು ತಪ್ಪಾಯಿತು ಎಂದೆ. ಮೂರೇ ಶಬ್ದ. ಅವಳು ಕ್ಲಿಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ.

"ನನ್ನ ಮುಂದ ಯಾಕ ಹೇಳ್ತೀರಿ? ನನಗೇನು ಗೊತ್ತಿಲ್ಲದ್ದೇನು?"

ಅದು ನ್ಯಾಯವೆನಿಸಿತು. ಬಸ್ಸು ಹತ್ತಿ ಗಡಹಿಂಗ್ಲಜದ ಶಾಲೆಗೆ ಹೋದೆ. ಈಗಿನ ಮುಖ್ಯಾಧ್ಯಾಪಕಿ ಚಿಕ್ಕ ವಯಸ್ಸಿನವರು, ಇಂಜಿನ್ನಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಮರ್ಯಾದೆಯಿಂದಲೇ ಪ್ರಾರ್ಥನೆಯ ಹೊತ್ತಿಗೆ ಐದು ನಿಮಿಷ ಕೊಟ್ಟರು. ಇದೇ ಮೈದಾನದಲ್ಲಿ ನಾನೊಂದು ಸುಳ್ಳು ಹೇಳಿದೆ, ಆ ಇಂಜಿನ್ನನ್ನು ನಾವಿಬ್ಬರು ಕಟ್ಟಿದ್ದು, ಆವತ್ತು ಅದನ್ನು ಓಡಿಸಿದ್ದು ನನ್ನ ಹೆಂಡತಿಯ ಬೆಂಕಿ ಎಂದು ಮರಾಠಿಯಲ್ಲಿ ಹೇಳಿದೆ. ಮುಂದಿನ ಸಾಲಿನ ಒಬ್ಬಳು ಕೈಯೆತ್ತಿ, ಅಜ್ಜಾ, ಆ ಇಂಜಿನ್ ಎಲ್ಲಿದೆ, ನಮ್ಮನ್ನು ಕೂರಿಸುತ್ತೀರಾ ಎಂದು ಕೇಳಿದಳು. ಅದು ಈಗ ಓಡುವುದಿಲ್ಲ ಎಂದೆ. ಗಂಟೆ ಬಡಿಯಿತು.

ಮನೆಗೆ ಬಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿದಳು.

"ಛಲೋ ಮಾಡಿದ್ರಿ," ಎಂದಳು. ಆಮೇಲೆ ಕೇಳಿದಳು, "ಆವತ್ತ ಇದ್ದೋರು ಯಾರರ ಇದ್ರೇನು ಅಲ್ಲಿ?"

"ಇಲ್ಲ."

"ಹಾಂ," ಎಂದಳು. ಅಷ್ಟೇ.

ಹೋದ ತಿಂಗಳು ಪುಣೆಯಿಂದ ಇದೇ ಹವ್ಯಾಸದ ಒಬ್ಬ ತರುಣ ಬಂದಿದ್ದ. ಫೌಂಡ್ರಿಯ ಹಜಾರದಲ್ಲಿ ಹೆಸರು ನೋಡಿ ವಿಳಾಸ ಹುಡುಕಿಕೊಂಡು ಬಂದವನು. ಶೆಡ್ಡಿನಲ್ಲಿ ಹೊಸ ಚೌಕಟ್ಟು ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದು, ಆ ಕಾಲದಲ್ಲಿ ಕಲ್ಲಿದ್ದಲು ಎಂಥದ್ದು ಬಳಸಿದಿರಿ, ಬೆಂಕಿ ಹೇಗೆ ಕಟ್ಟಿದಿರಿ, ತನ್ನದರಲ್ಲಿ ಉಗಿ ನಿಲ್ಲುವುದೇ ಇಲ್ಲ ಎಂದು ಕೇಳಿದ. ಅದೆಲ್ಲ ನನ್ನ ಹೆಂಡತಿಗೆ ಗೊತ್ತು, ಬಾ ಎಂದು ಒಳಗೆ ಕರೆತಂದೆ. ಅವಳು ಅವಲಕ್ಕಿ, ಚಹಾ ಕೊಟ್ಟಳು. ಅವನು ಎದ್ದು ನಿಂತು ವಿನಯದಿಂದ ಅದೇ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದ. ಅವಳು ನನ್ನ ಕಡೆ ನೋಡಲಿಲ್ಲ.

"ಮಲಾ ತ್ಯಾತಲಂ ಕಾಹಿ ಕಳತ್ ನಾಹಿ," ಎಂದಳು. ತನಗೆ ಅದರಲ್ಲಿ ಏನೂ ತಿಳಿಯದು. "ತೇ ತ್ಯಾಂಚಂಚ್ ಕಾಮ್." ಅದು ಅವರದೇ ಕೆಲಸ.

ಇನ್ನೊಂದಿಷ್ಟು ಅವಲಕ್ಕಿ ಹಾಕಲೇ ಎಂದು ಅವನನ್ನು ಕೇಳಿದಳು. ಅವನು ಸಾಕು ಎಂದು ಕೈ ಅಡ್ಡ ಹಿಡಿದ.